ಇಬ್ಬರ ಮಾತ್ರೆ ಒಂದೇ ತಟ್ಟೆಯಲ್ಲಿ

ರೀ,

ನೀವು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನಾನು ಆಸ್ಪತ್ರೆಗೆ ಹೊರಟಿರುತ್ತೇನೆ. ಹೃದಯದ ಸಂಶೋಧನೆಯವರು ನಮ್ಮಿಬ್ಬರಿಗೂ ಕೊಟ್ಟ ಮಾತ್ರೆ ಡಬ್ಬಿಗಳು ನನ್ನ ಚೀಲದಲ್ಲಿವೆ. ಕಪಾಟು ತಡಕಾಡಬೇಡಿ.

ನೋಡಲು ಎಲ್ಲ ಮಾತ್ರೆ ಒಂದೇ ಥರ. ಯಾರ ಡಬ್ಬಿಯಲ್ಲಿ ನಿಜವಾದ ಔಷಧಿ, ಯಾರದರಲ್ಲಿ ಬರೀ ಹಿಟ್ಟು ಅಂತ ಡಾಕ್ಟರಿಗೂ ಗೊತ್ತಿರಬಾರದು, ಆಗಲೇ ಪರೀಕ್ಷೆ ಸರಿ ಎಂದು ನರ್ಸಮ್ಮ ಬಿಡಿಸಿ ಹೇಳಿರಲಿಲ್ಲವೇ? ನೀವೂ ಹೂಂಗುಟ್ಟಿದಿರಿ. ಮನೆಗೆ ಬಂದು ಎರಡು ಡಬ್ಬಿಯನ್ನೂ ತಟ್ಟೆಗೆ ಸುರಿದು, ಬೆರೆಸಿ, ಮತ್ತೆ ತುಂಬಿಟ್ಟಿರಿ! ನಿನ್ನೆ ಊಟದ ಹೊತ್ತಿಗೆ ಎಷ್ಟು ಹೆಮ್ಮೆಯಿಂದ ಹೇಳಿದಿರಿ: "ನಿಜವಾದದ್ದು ಯಾರಿಗೇ ಬಂದಿರ್ಲಿ, ನಿಂಗೂ ಅರ್ಧ ಸಿಗುತ್ತಲ್ಲ ಕಣೇ." ಎಲ್ಲಿ ತಲೆ ಚಚ್ಚಿಕೊಳ್ಳಲಿ? ನಾನು ಅರ್ಧ ಊಟಕ್ಕೇ ಎದ್ದುಹೋದದ್ದು ಬರೀ ಸಿಟ್ಟಿನಿಂದಲ್ಲ.

ಊಟ ಮುಚ್ಚಿಟ್ಟಿದ್ದೇನೆ, ಮೇಲೆ ಉಪ್ಪು ಉದುರಿಸಿಕೊಳ್ಳಬೇಡಿ. ನಿಮ್ಮ ಹಳೆಯ ಬಿಪಿ ಮಾತ್ರೆ ಕಿಟಕಿಯ ಹತ್ತಿರವೇ ಇದೆ. ಮರೆಯದೆ ನುಂಗಿ, ಅದರಲ್ಲೂ ನನಗೆ ಪಾಲು ಎತ್ತಿಡಬೇಡಿ. ಎದೆ ಹಿಡಿದಂತಾದರೆ ಎದುರುಮನೆ ಟೈಲರನ್ನು ಕೂಗಿ. ಸಂಕೋಚ ಬೇಡ.

ನಮ್ಮಿಬ್ಬರನ್ನೂ ಪರೀಕ್ಷೆಯಿಂದ ಕೈಬಿಟ್ಟರೆ ಬಿಡಲಿ, ಅವರಿಗೆ ತಪ್ಪು ಲೆಕ್ಕ ಹೋಗಬಾರದು. ನಾಳೆ ಯಾರದೋ ಹೃದಯಕ್ಕೆ ಅದೇ ಲೆಕ್ಕ ನೋಡಿ ಔಷಧಿ ಬರೆಯುತ್ತಾರೆ. ಹೀಗೇಕೆ ಮಾಡಿದರು ಅಂತ ನರ್ಸಮ್ಮ ಕೇಳಿದರೆ, "ನಮ್ಮನೆಯವ್ರಿಗೆ ತಲೆ ಸ್ವಲ್ಪ ಕಮ್ಮಿ" ಅಂತೀನಿ. ನಿಜವಾದ ಕಾರಣ ನನ್ನದು. ಅದರಲ್ಲಿ ಯಾರಿಗೂ ಪಾಲಿಲ್ಲ.