ಡ್ರೈಸ್‌ಬಾಕ್ ಅಂಗಡಿಯ ಪಕ್ಕದ ಬಾಗಿಲು

ಲಿಂಡನ್‌ಬರ್ಗ್, ಓಹಾಯೋ
ಮಾರ್ಚ್ 12, 2019

ಪ್ರೀತಿಯ ಬರ್ನಿ,

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಈಸ್ಟರ್ ಹತ್ತಿರ ಬಂದಾಗ ಉತ್ತರ ಬರೆಯಲು ಕೂತಿದ್ದೇನೆ. ಬೈದುಕೋ, ನಿನಗೆ ಆ ಹಕ್ಕಿದೆ. ಜನವರಿಯಲ್ಲಿ ನನ್ನ ಪತಿರಾಯ ಚೆಟ್‌ಗೆ ಹಿಡಿದ ನೆಗಡಿ ಬಿಡಲೇ ಇಲ್ಲ, ಅದರ ಹಿಂದೆಯೇ ಹಿಮ ಬಿತ್ತು, ಈಗ ನೋಡಿದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ ಬಂದು, ಅದಕ್ಕೂ ಒಂದು ವಾರ ಮೊದಲೇ ಶುರುವಾದ ಚರ್ಚಿನ ಶುಕ್ರವಾರದ ಮೀನೂಟಕ್ಕೆ ಆಲೂಗಡ್ಡೆ ಸುಲಿಯುವ ಕೆಲಸ ಎಂದಿನಂತೆ ನನ್ನ ತಲೆಗೇ ಬಿದ್ದಿದೆ. ಅರಿಜೋನಾದ ಬಿಸಿಲಲ್ಲಿ ನೀನು ಅಂಗಳದಲ್ಲೇ ಕೂತು ಕಿತ್ತಳೆ ಸುಲಿಯುತ್ತಿರಬೇಕು. ನಮ್ಮ ಮೆಟ್ಟಿಲ ಮೇಲಿನ ಮಂಜುಗಡ್ಡೆ ಇನ್ನೂ ಕರಗಿಲ್ಲ. ನಿನ್ನ ಮಂಡಿ ಹೇಗಿದೆ? ಹೊಸ ವೈದ್ಯ ದಿನಾ ಈಜು ಎಂದನಂತಲ್ಲ, ಈಜುತ್ತಿದ್ದೀಯೋ ಅಥವಾ ನೀರಿನ ದಡದಲ್ಲಿ ಕೂತು ಹರಟೆ ಹೊಡೆಯುತ್ತಿದ್ದೀಯೋ? ನನಗೆ ಗೊತ್ತು ಬಿಡು.

ಊರಿನ ದೊಡ್ಡ ಸುದ್ದಿ ಎಂದರೆ ನಮ್ಮ ಡ್ರೈಸ್‌ಬಾಕ್ ಅಂಗಡಿಯದು. ನೀನು ಚಾಕೊಲೇಟ್ ಕೌಂಟರಿನಲ್ಲಿ, ನಾನು ಕೈಗವಸಿನ ಕೌಂಟರಿನಲ್ಲಿ ನಿಂತೂ ನಿಂತೂ ಕಾಲಿನ ನರ ಉಬ್ಬಿಸಿಕೊಂಡ ಅದೇ ಆರು ಅಂತಸ್ತಿನ ಅಂಗಡಿ. ಮುಚ್ಚಿ ಮೂವತ್ತು ವರ್ಷದ ಮೇಲಾಯಿತು. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದಾರೆ, ಒಳಗೆ ಪಾರಿವಾಳಗಳ ಸಂಸಾರ. ಈಗ ಅದನ್ನು ಕೆಡವಿ, ಆ ಜಾಗದಲ್ಲಿ ಕಾರು ನಿಲ್ಲಿಸಲು ಬಹುಮಹಡಿ ಕಟ್ಟಡ ಎಬ್ಬಿಸಬೇಕೆಂದು ನಗರಸಭೆಯ ಮುಂದೆ ಒಂದು ಯೋಜನೆ ಬಂದಿದೆ.

ಇನ್ನು ಕೇಳಬೇಕೇ? ಮೀನೂಟದ ಮೇಜಿನ ಮೇಲೆ ಮೀನಿಗಿಂತ ಅದರದ್ದೇ ಮಾತು. ಕ್ಷೌರದಂಗಡಿಯ ಯುಜೀನ್ ಗೊತ್ತಲ್ಲ, ಅವನಿಗೆ ಕತ್ತರಿಗಿಂತ ನಾಲಿಗೆ ಹರಿತ. "ಇರೋ ಪಾರ್ಕಿಂಗ್ ಕಟ್ಟಡನೇ ಖಾಲಿ ಹೊಡೀತಿದೆ, ಇನ್ನೊಂದ್ ಯಾಕೆ? ಪಾರಿವಾಳಕ್ಕೆ ಬೇಸಿಗೆ ಮನೆನಾ?" ಎಂದ.

ಅವನ ಹೆಂಡತಿ ಸ್ಟೇಷಾ ಬಿಡುತ್ತಾಳೆಯೇ? "ಪೇಟೇಲಿ ಕಾರ್ ನಿಲ್ಸಕ್ಕೆ ಜಾಗ ಇಲ್ಲ ಅಂತ ದಿನಾ ಬಾಯ್ ಬಡ್ಕೊಳ್ಳೋನೂ ನೀನೇ. ಈಗ ಕಟ್ತೀವಿ ಅಂದ್ರೆ ಬೇಡ ಅನ್ನೋನೂ ನೀನೇ."

"ನೀನು ಸುಮ್ನಿರು. ಹೊಸಾ ಟ್ರಾಫಿಕ್ ಸರ್ಕಲ್ ಮಾಡಿದ್ರಲ್ಲ, ಅದರೊಳಗೆ ಹೋದೋಳು ಆಚೆ ಬರಕ್ಕೆ ದಾರಿ ಕಾಣ್ದೆ ಪೆಟ್ರೋಲ್ ಮುಗಿಯೋವರ್ಗೂ ಸುತ್ತಿದ್ದು ಯಾರು?"

"ಒಂದ್ಸಲ ಕಣೋ! ಒಂದೇ ಸಲ!"

ಸೈಕಲ್ ಪಥದ ಮಾತೂ ಬಂತು. ಅದರಲ್ಲಿ ಹೋಗುವ ಏಕೈಕ ಸೈಕಲ್ ನಮ್ಮ ಪಾದ್ರಿಗಳದು, ಅವರೂ ಬಿದ್ದ ಮೇಲೆ ಬಿಟ್ಟಿದ್ದಾರೆ. ಕೊನೆಗೆ ಎಲ್ಲರೂ ಎಂದಿನಂತೆ ಚೆಟ್ ಕಡೆ ತಿರುಗಿದರು. ಇಡೀ ಜೀವಮಾನ ಈ ಊರಿನ ಬಸ್ ಓಡಿಸಿದವನು, ನಿವೃತ್ತಿಯಾದ ಮೇಲೆ ಊರ ಉಸಾಬರಿಯನ್ನೆಲ್ಲ ಹೊತ್ತುಕೊಂಡವನು, ನಗರಸಭೆಯಲ್ಲಿ ಸಾರ್ವಜನಿಕರಿಗೆ ಕೊಡುವ ಮೂರು ನಿಮಿಷವನ್ನು ಒಂದು ತಿಂಗಳೂ ಬಿಡದವನು. "ಚೆಟ್, ಈ ಸಲ ನೀನು ಮಾತಾಡ್ಲೇಬೇಕು. ನೀನು ಬಾಯ್ಬಿಟ್ರೆ ಅಂಗಡಿ ಉಳಿಯುತ್ತೆ, ಇಲ್ಲಾಂದ್ರೆ ಹೋಯ್ತು" ಎಂದ ಯುಜೀನ್. ಚೆಟ್ ಮೀನಿನ ಮುಳ್ಳು ಬಿಡಿಸುತ್ತಾ "ಆಯ್ತು" ಎಂದ.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೆ ಕೆಡವಿ ಎನ್ನುತ್ತಿದ್ದೆ. ನಿನಗೆ ಬೇಜಾರಾಗಬಹುದು ಬರ್ನಿ, ಆದರೆ ಹಲಗೆ ಹೊಡೆದ ಕಟ್ಟಡದ ಮುಂದೆ ನಿಂತು ಯೌವನ ನೆನೆಯುವ ಚಟ ನನಗಿಲ್ಲ. ಯೌವನ ನನ್ನ ಕಾಲಲ್ಲೇ ಇದೆ, ನೀಲಿ ನೀಲಿಯಾಗಿ. ಇನ್ನೊಂದು ಮಾತೂ ಇದೆ. ಆ ಯೋಜನೆ ತಂದ ಹುಡುಗಿ ಕೆಟ್ಟವಳಲ್ಲ. ಟೆಸ್ ಎಂದು ಹೆಸರು. ಅಲ್ಲೇ ಪಕ್ಕದ ಆಸ್ಪತ್ರೆಗೆ ಬರುವ ಮುದುಕರು ಮಂಜಿನಲ್ಲಿ ಅಷ್ಟು ದೂರ ನಡೆಯಬಾರದು, ಕಾರು ಹತ್ತಿರವೇ ನಿಲ್ಲಲಿ ಎನ್ನುವುದು ಅವಳ ವಾದ. ಅದರಲ್ಲಿ ತಪ್ಪೇನಿದೆ? ಚೆಟ್‌ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ನಾನೂ ಅದನ್ನೇ ಅಂದುಕೊಂಡಿದ್ದೆ.

ಮಧ್ಯೆ ಒಂದು ತಮಾಷೆ ಹೇಳಿಬಿಡುತ್ತೇನೆ. ಪಕ್ಕದ ಮನೆಗೆ ಟೆಕ್ಸಾಸಿನಿಂದ ಮರಿಸೋಲ್ ಎಂಬ ನರ್ಸ್ ಬಂದಿದ್ದಾಳೆ, ಬಹಳ ಒಳ್ಳೆಯ ಹುಡುಗಿ. ಬಂದ ವಾರವೇ ಅಂಚೆ ಕಚೇರಿ ಎಲ್ಲಿ ಎಂದು ಚೆಟ್‌ನನ್ನು ಕೇಳಿದಳು. ಇವನು ಹೇಳಿದ: "ನೆಟ್ಟಗೆ ಹೋಗಿ ಕಮಿನ್ಸ್ಕಿ ಬೇಕರಿ ಹತ್ರ ಬಲಕ್ಕೆ ತಿರುಗು. ಸಿನಿಮಾ ಮಂದಿರ ದಾಟು. ಪಿಯಾನೋ ಅಂಗಡಿ ಸಿಕ್ಕಿದ ತಕ್ಷಣ ಎಡಕ್ಕೆ." ಪಾಪ, ಅವಳು ಊರೆಲ್ಲ ಸುತ್ತಿ ಸುಸ್ತಾಗಿ ವಾಪಸ್ ಬಂದಳು.

"ಅಲ್ಲಿ ಬೇಕರಿನೂ ಇಲ್ಲ, ಸಿನಿಮಾನೂ ಇಲ್ಲ, ಪಿಯಾನೋನೂ ಇಲ್ಲ! ನನ್ನ ಆಟ ಆಡಿಸ್ತಿದೀರಾ?" ಎಂದಳು.

ಯುಜೀನ್ ಅಲ್ಲೇ ಇದ್ದ. "ಸರಿಯಾಗೇ ಹೇಳಿದಾನಲ್ಲಮ್ಮ. ಬೇಕರಿ ಸುಟ್ಟುಹೋಗಿ ಮೂವತ್ತೈದು ವರ್ಷ ಆಯ್ತು ನಿಜ. ಆದ್ರೆ ಮೂಲೆ ಎಲ್ಲಿಗೆ ಹೋಗುತ್ತೆ? ಮೂಲೆ ಅಲ್ಲೇ ಇದೆ" ಎಂದ. ನಕ್ಕೂ ನಕ್ಕೂ ಸಾಕಾಯಿತು. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೀಗೇ ತಾನೇ ದಾರಿ ಹೇಳುವುದು? ಇರುವ ಅಂಗಡಿಗಳ ಹೆಸರು ನಮಗೆ ಬಾಯಿಗೇ ಬರುವುದಿಲ್ಲ. ಚೆಟ್ ಮಾತ್ರ ನಗಲಿಲ್ಲ. ಮರಿಸೋಲ್ ಹೊರಟಾಗ, "ಬರ್ತಾ ಕಮಿನ್ಸ್ಕಿ ಹತ್ರ ಒಂದು ರೈ ಬ್ರೆಡ್ ತಂದ್ಬಿಡಮ್ಮ, ನಾಲ್ಕು ಗಂಟೆಗೆ ಬಿಸಿಬಿಸಿ ಇರುತ್ತೆ" ಎಂದ. ಎಲ್ಲರೂ ಇನ್ನಷ್ಟು ನಕ್ಕರು. ನಾನೂ ನಕ್ಕೆ.

ಸಭೆ ನಡೆದದ್ದು ಹೋದ ವಾರ ಸೋಮವಾರ. ಇಡೀ ಚರ್ಚೇ ಎದ್ದು ಬಂದ ಹಾಗಿತ್ತು. ಚೆಟ್‌ಗೆ ನಾನೇ ಟೈ ಕಟ್ಟಿದೆ. ಹೋಗುವುದು ಬೇಡ ಎಂದು ದಾರಿಯುದ್ದಕ್ಕೂ ಹೇಳಿ ನೋಡಿದೆ, ಕೇಳಲಿಲ್ಲ. ಟೆಸ್ ತನ್ನ ಚಿತ್ರಗಳನ್ನು ತೋರಿಸಿ, ಕಟ್ಟಡ ಖಾಲಿ ಬಿದ್ದು ಎಷ್ಟು ವರ್ಷವಾಯಿತು, ಮಾಡು ಎಷ್ಟು ಸೋರುತ್ತದೆ ಎಂದೆಲ್ಲ ವಿನಯದಿಂದ ವಿವರಿಸಿದಳು. ನಗರಸಭೆಯವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ತಲೆದೂಗಿದರು. ಆಮೇಲೆ ಅಧ್ಯಕ್ಷೆ ಮಿಸೆಸ್ ಒಡೆಲ್ "ಚೆಸ್ಟರ್ ಅವರೇ, ಬನ್ನಿ" ಎಂದು ಚೆಟ್‌ನನ್ನು ಪೂರ್ತಿ ಹೆಸರು ಹಿಡಿದು ಕರೆದರು.

ಅವನು ಹೇಳಿದ್ದನ್ನು ನಿನಗೆ ಹಾಗೆಯೇ ಬರೆಯುತ್ತೇನೆ. ನನಗೆ ಬಾಯಿಪಾಠವಾಗಿಬಿಟ್ಟಿದೆ.

"ಖಾಲಿ ಬಿದ್ದಿದೆ ಅಂತೀಯಲ್ಲಮ್ಮ, ಯಾರು ಹೇಳಿದ್ದು ನಿನಗೆ?" ಎಂದು ಟೆಸ್ ಕಡೆ ತಿರುಗಿದ. "ಮೂರನೇ ಮಹಡೀಲಿ ಆಟದ ರೈಲು ಓಡ್ತಾ ಇದೆ. ಮಕ್ಕಳು ಗಾಜಿಗೆ ಮೂಗು ಒತ್ಕೊಂಡು ನಿಂತಿರ್ತಾವೆ. ಕೆಳಗೆ ಚಾಕೊಲೇಟ್ ಹತ್ರ ಒಬ್ಳು ಹುಡುಗಿ ಇದಾಳೆ, ಮ್ಯಾನೇಜರ್ ಆ ಕಡೆ ತಿರುಗಿದ ತಕ್ಷಣ ಮಕ್ಕಳ ಕೈಗೆ ಒಂದೊಂದು ಚೂರು ಹಾಕ್ತಾಳೆ. ಸಾಯಂಕಾಲ ಐದೂವರೆಗೆ ವಾಲ್ನಟ್ ಬೀದಿ ಕಡೆ ಪಕ್ಕದ ಬಾಗಿಲು ತೆರ್ಕೊಳ್ಳುತ್ತೆ. ಹುಡುಗೀರೆಲ್ಲ ಗಲಗಲ ಅಂತ ಆಚೆ ಬರ್ತಾರೆ. ಅದರಲ್ಲಿ ಒಬ್ಳು ದಿನವಿಡೀ ಊರವರ ಕೈಗೆಲ್ಲ ಗವಸು ತೊಡಿಸ್ತಾಳೆ, ತಾನು ಮಾತ್ರ ಬರಿಗೈಲಿ ಬರ್ತಾಳೆ. ಅವಳ ಕೈ ಮುಟ್ಟಿ ನೋಡಿ, ಮಂಜುಗಡ್ಡೆ! ನಾನು ಅಲ್ಲೇ ಕಾರ್ ನಿಲ್ಸಿರ್ತೀನಿ. ನೀವು ಆ ಬಾಗಿಲು ಕೆಡವಿಬಿಟ್ರೆ ಅವಳು ಎಲ್ಲಿಂದ ಬರ್ಬೇಕು? ಹೇಳಿ. ಎಲ್ಲಿಂದ ಬರ್ಬೇಕು?"

ಮೂರು ನಿಮಿಷ ಮುಗಿಯಿತೆಂದು ತೋರಿಸುವ ಕೆಂಪು ದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು. ಯಾರೂ ಅವನನ್ನು ನಿಲ್ಲಿಸಲಿಲ್ಲ. ಮಿಸೆಸ್ ಒಡೆಲ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡು, ಟೆಸ್ ಕೂಡ ಎದ್ದು ನಿಂತು ತಟ್ಟಿದಳು. ಯುಜೀನ್ ಕಣ್ಣಲ್ಲಿ ನೀರು. "ಎಂಥಾ ಮಾತು ಗುರೂ! ಹಳೇದನ್ನೆಲ್ಲ ಈಗ್ಲೇ ನಡೀತಿರೋ ಹಾಗೆ ಕಣ್ಮುಂದೆ ತಂದ್ಬಿಟ್ಟ. ಇವನು ಬಸ್ ಓಡಿಸ್ದೆ ವಕೀಲನಾಗಿದ್ರೆ ಎಲ್ಲೋ ಇರ್ತಿದ್ದ" ಎಂದು ಸಿಕ್ಕಿದವರಿಗೆಲ್ಲ ಹೇಳಿದ. ನಾನು ನನ್ನ ಕೋಟಿನ ಗುಂಡಿ ನೋಡುತ್ತಾ ಕೂತಿದ್ದೆ. ನಿರ್ಧಾರವನ್ನು ಮೇ ತಿಂಗಳಿಗೆ ಮುಂದೂಡಿದರು. ಅಲ್ಲಿಯವರೆಗೆ ಬೇರೆ ದಾರಿ ಇದೆಯೇ ನೋಡುತ್ತಾರಂತೆ. ಮಾರನೆಯ ದಿನ ಚೆಟ್‌ಗೆಂದು ಜಾಮ್ ತುಂಬಿ ಕರಿದ ಪೂಂಚ್ಕಿ ಬನ್ನುಗಳನ್ನು ಊರಿನವರು ಎಷ್ಟು ತಂದುಕೊಟ್ಟರೆಂದರೆ, ಮರಿಸೋಲ್ ಮಕ್ಕಳು ಅವನ್ನು ತಿಂದು ಮುಗಿಸಲು ಎರಡು ದಿನ ಬೇಕಾಯಿತು.

ಇವತ್ತು ಬೆಳಿಗ್ಗೆ ನಮ್ಮ ಮನೆ ಮುಂದಿನ ಹುಲ್ಲಿನಲ್ಲಿ 'ಡ್ರೈಸ್‌ಬಾಕ್ ಉಳಿಸಿ' ಎಂಬ ಫಲಕ ನೆಟ್ಟೆ. ಹೌದು, ನಾನೇ. ನೆಲ ಕಲ್ಲಾಗಿತ್ತು, ಸುತ್ತಿಗೆಯಿಂದ ಹೊಡೆದು ನೆಟ್ಟೆ. ಎದುರು ಮನೆಯ ಸ್ಟೇಷಾ ಬಾಗಿಲಲ್ಲಿ ನಿಂತು, "ಏನೇ ಲೊರೆಟ್ಟಾ, ನಿನಗ್ಯಾವಾಗ ಬುದ್ಧಿ ಬಂತು?" ಎಂದು ಕೂಗಿದಳು. ನೀನೂ ನಗುತ್ತೀಯ, ನಗು.

ಬರೆಯುತ್ತಿರು, ಬರ್ನಿ. ನನ್ನ ಹಾಗೆ ಸೋಮಾರಿಯಾಗಬೇಡ. ದೇವಮಾತೆ ನಿನ್ನ ಮಂಡಿಗೆ ಬಲ ಕೊಡಲಿ, ನಿನ್ನ ಕಿತ್ತಳೆ ಮರ ಹಕ್ಕಿಗಳಿಗೆ ಕೊಟ್ಟ ಮೇಲೂ ನಿನಗೆ ನಾಲ್ಕು ಹಣ್ಣು ಉಳಿಸಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳಲಿ. ಚೆಟ್ ನಿನ್ನನ್ನು ಕೇಳಿದ ಎಂದು ತಿಳಿ.

ನಿನ್ನ,
ಲೊರೆಟ್ಟಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನೆಗಡಿ ಎಂದು ಬರೆದದ್ದು ಸುಳ್ಳು, ಬರ್ನಿ. ಆಸ್ಪತ್ರೆಗೆ ಹೋಗಿದ್ದು ಅವನ ಮರೆವಿಗಾಗಿ. ಸಭೆಯಲ್ಲಿ ಚೆಟ್ ಮಾಡಿದ್ದು ಭಾಷಣವಲ್ಲ. ಅವನ ಲೆಕ್ಕದಲ್ಲಿ ಅಂಗಡಿ ತೆರೆದೇ ಇದೆ, ಕಮಿನ್ಸ್ಕಿ ಬೇಕರಿಯಲ್ಲಿ ಬ್ರೆಡ್ ಬೇಯುತ್ತಲೇ ಇದೆ. ಇಲ್ಲದ ಅಂಗಡಿಗಳ ಹೆಸರು ಹೇಳಿಕೊಂಡೇ ಬದುಕುವ ಊರಿನಲ್ಲಿ ಅವನದು ಯಾರಿಗೂ ಗೊತ್ತಾಗಲಿಲ್ಲ. ನನಗೂ ಬಹಳ ದಿನ ಗೊತ್ತಾಗಲಿಲ್ಲ.

ನಿನ್ನೆ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅವನು ಕೋಟು ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. "ತಪ್ಪು ತಿಳ್ಕೋಬೇಡಿ ಅಮ್ಮಾ, ನಾನಿನ್ನು ಹೊರಡ್ಬೇಕು. ಕಾಫಿ ಬಹಳ ಚೆನ್ನಾಗಿತ್ತು. ನನ್ನ ಹೆಂಡ್ತಿಗೆ ಐದೂವರೆಗೆ ಕೆಲ್ಸ ಮುಗಿಯುತ್ತೆ, ಪಕ್ಕದ ಬಾಗಿಲ ಹತ್ರ ಕಾಯ್ತಿರ್ತಾಳೆ. ಚಳಿ ಬೇರೆ" ಎಂದ. ಅಷ್ಟು ಮರ್ಯಾದೆಯಿಂದ ಅವನು ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ.

ಕೈ ಒರೆಸಿಕೊಂಡೆ. "ನಾನೂ ಆ ಕಡೆನೇ ಹೋಗ್ಬೇಕಿತ್ತು, ಬನ್ನಿ, ಕಾರಲ್ಲಿ ಬಿಡ್ತೀನಿ" ಎಂದೆ. ದಾರಿಯುದ್ದಕ್ಕೂ ತಡವಾಗುತ್ತದೆ, ತಡವಾಗುತ್ತದೆ ಎಂದು ಚಡಪಡಿಸಿದ. ವಾಲ್ನಟ್ ಬೀದಿಯಲ್ಲಿ ಕಾರು ನಿಲ್ಲಿಸಿ, "ಇಲ್ಲೇ ಇರಿ, ನಾನು ನೋಡಿ ಬರ್ತೀನಿ" ಎಂದು ಇಳಿದೆ. ಆ ಬಾಗಿಲಿಗೂ ಹಲಗೆ ಹೊಡೆದಿದ್ದಾರೆ, ಅದರ ಮೇಲೆ ಯಾರೋ ಬಣ್ಣ ಬಳಿದಿದ್ದಾರೆ. ಅದಕ್ಕೆ ಬೆನ್ನು ಕೊಟ್ಟು ನಿಂತೆ. ಕೈಗವಸು ಬಿಚ್ಚಿ ಜೇಬಿಗೆ ಹಾಕಿ, ಕಾರಿನ ಕಡೆ ನಡೆದೆ.

ಅವನು ಕಾರಿನ ಬಾಗಿಲು ತೆರೆದು, ಮಂಜಿನಲ್ಲಿ ಜಾರುತ್ತಾ ಎದುರಿಗೆ ಬಂದ. "ಲೊರೆಟ್ಟಾ! ಎಷ್ಟ್ ಸಲ ಹೇಳೋದೇ ನಿನಗೆ? ಗವಸು ಮಾರೋಳಿಗೆ ಒಂದು ಜೊತೆ ಗವಸು ಗತಿಯಿಲ್ವಾ?" ಎಂದು ನನ್ನ ಎರಡೂ ಕೈಗಳನ್ನು ಹಿಡಿದು ಉಜ್ಜಿದ. ಅವನ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ದಿನವಾಗಿತ್ತು, ಬರ್ನಿ.

ಆಮೇಲೆ ಕಾರಿನೊಳಗೆ ಬಗ್ಗಿ ನೋಡಿದ. "ನನ್ನ ಕರ್ಕೊಂಡು ಬಂದೋರು ಎಲ್ಲಿ ಹೋದ್ರು? ಪಾಪ, ಒಳ್ಳೆ ಹೆಂಗಸು. ಒಬ್ರೇ ಇರೋ ಹಾಗೆ ಕಾಣುತ್ತೆ."

"ಮನೆಗೆ ಹೋದ್ರು" ಎಂದೆ.

ಮೇ ತಿಂಗಳಲ್ಲಿ ಸಭೆಯವರು ಮತ ಹಾಕಲು ಕೈ ಎತ್ತುತ್ತಾರೆ. ಅದಕ್ಕೆ ಮೊದಲು ನಗರಸಭೆಗೆ ನೀನೂ ಒಂದು ಕಾಗದ ಹಾಕು. ನಾನು ಹೇಳಿದೆ ಎಂದು ಬರೆಯಬೇಡ, ಚೆಟ್ ವಿಷಯವೂ ಬೇಡ. ಪಾರ್ಕಿಂಗ್ ಕಟ್ಟಡ ಬೇಕಿದ್ದರೆ ಕಟ್ಟಿಕೊಳ್ಳಲಿ, ವಾಲ್ನಟ್ ಬೀದಿಯ ಆ ಪಕ್ಕದ ಬಾಗಿಲೊಂದನ್ನು ಬಿಡಲಿ ಎಂದು ಬರೆ. ಅವನಿಗೆ ಸಿಗಲು ನನಗೆ ಬೇರೆ ಬಾಗಿಲಿಲ್ಲ.