ಹಾಲ್ವರ್ಸನ್ ಅಜ್ಜನ ಚಾರ್ಟು

ಫೆಬ್ರವರಿ ೧೨, ಬುಧವಾರ. ಟೊಲಿಡೊ.

ನರ್ಸ್ ವರ್ನಾಳ ನಗು ಇನ್ನೂ ಕಿವಿಯಲ್ಲಿದೆ. ವೃದ್ಧಾಶ್ರಮದ ಊಟದ ಕೋಣೆಯಲ್ಲಿ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡಬೇಕು ಎಂಬ ಪ್ರಶ್ನೆ. 'ಇದ್ದಕ್ಕಿದ್ದಂತೆ ಗಲಿಬಿಲಿಗೊಂಡವರನ್ನು' ಎಂಬ ಉತ್ತರಕ್ಕೆ ಗುರುತು ಹಾಕಿದೆ. ವರ್ನಾ ನಗುತ್ತಾ ಪುಸ್ತಕ ಕಿತ್ತುಕೊಂಡಳು. "ಮೂರನೇ ಸಲ ಪರೀಕ್ಷೆಗೆ ಕೂರ್ತೀಯಾ? ತಲೆ ಓಡಿಸೋದು ನಮ್ಮ ಕೆಲಸ ಕಣೇ. ನೀನು ಆಯಾ, ಬೆಡ್‌ಪ್ಯಾನ್ ತೊಳಿ ಹೋಗು."

ಎರಡು ಗಂಟೆಗೆ, ನಾನು ನೋಡಿಕೊಳ್ಳುವ ಹಾಲ್ವರ್ಸನ್ ಅಜ್ಜ ನನ್ನನ್ನು ತೀರಿಹೋದ ಹೆಂಡತಿಯ ಹೆಸರಿನಿಂದ ಕರೆದರು. ಬೆಳಿಗ್ಗೆ ತಾನೇ ಇಸ್ಪೀಟಿನಲ್ಲಿ ನನ್ನನ್ನು ಸೋಲಿಸಿದ್ದರು. ಈಗ ಮೈ ಸುಡುತ್ತಿತ್ತು, ಉಸಿರು ನಿಮಿಷಕ್ಕೆ ಇಪ್ಪತ್ತೆಂಟು, ಇಪ್ಪತ್ತು ಮೀರಬಾರದು. ವರ್ನಾಳಿಗೆ ಹೇಳಿದೆ.

"ವಯಸ್ಸಾಯ್ತಲ್ಲ, ಮಲಗಲಿ ಬಿಡು," ಅಂದಳು.

ನೇರವಾಗಿ ಮೇಲ್ವಿಚಾರಕಿ ಪ್ರೂಇಟ್ ಅವರಿಗೇ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು. ಸೋಂಕು ರಕ್ತಕ್ಕೆ ಏರಿತ್ತಂತೆ. ಅಜ್ಜ ಉಳಿದರು.

ಸಂಜೆ ಪ್ರೂಇಟ್ ಎಲ್ಲರೆದುರು, "ಮೊದಲು ಗಮನಿಸಿದ್ದು ಯಾರು?" ಎಂದು ಕೇಳಿದರು. "ನಾನೇ ಮೇಡಂ. ನಿಮಗೆ ಫೋನ್ ಮಾಡು ಅಂತ ಇವಳಿಗೆ ಹೇಳಿದ್ದೂ ನಾನೇ," ಅಂದಳು ವರ್ನಾ.

ನಾನು ವರ್ನಾಳಿಗೆ ಹೇಳಿದ ಗಳಿಗೆ, ಅವಳು ಕೊಟ್ಟ ಉತ್ತರ, ಎರಡನ್ನೂ ಅಕ್ಷರ ಬಿಡದೆ ಆಗಲೇ ಅಜ್ಜನ ಚಾರ್ಟಿನಲ್ಲಿ ಬರೆದಿಟ್ಟಿದ್ದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಪ್ರೂಇಟ್ ಅದನ್ನು ಓದುತ್ತಾರೆ.

ಅಜ್ಜ ಬದುಕಿದ್ದು ಸಂತೋಷವೇ. ಆದರೆ ನನಗೆ ನಿದ್ದೆ ಬಾರದಿರುವುದು ಆ ಸಂತೋಷಕ್ಕಲ್ಲ. ಎಂಟು ಗಂಟೆಗೆ ವರ್ನಾಳ ಮುಖ ಒಂದನ್ನು ನೋಡಿಬಿಟ್ಟರೆ ಸಾಕು, ಆಮೇಲೆ ನಿದ್ದೆ ತಾನಾಗಿ ಬರುತ್ತದೆ.