ಮೂರನೆಯ ಕಂಬ ಕಾಣದ ದಿನ

ಡೋಣಿ ಹೊಳೆ ದಂಡೆಯ ತಡೆಮನೆ
ಪುಷ್ಯ ಮಾಸದ ನಲವತ್ತೊಂದನೆಯ ದಿನ, ೨೩೧೮

ಹಿಂದಿನವರಿಗೆ,

ನಲವತ್ತೊಂದನೆಯ ದಿನವೆಂದರೆ ನಿಮಗೆ ತಪ್ಪೆನಿಸಬಹುದು. ಮಂಜು ಬಿಡುವವರೆಗೆ ನಾವು ಪುಷ್ಯವನ್ನು ಮುಗಿಸುವುದಿಲ್ಲ. ನನ್ನ ಮಾತೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಏಳನೆಯ ತರಗತಿಯವರೆಗೆ ಓದಿದವಳು ನಾನು.

ನಿಮ್ಮ ಕಾಲದಲ್ಲಿ ಮಂಜಿನಲ್ಲಿ ಹೊರಡುವುದೋ ಬೇಡವೋ ಎಂಬುದನ್ನು ಗಾಡಿ ಓಡಿಸುವವನೇ ತೀರ್ಮಾನಿಸುತ್ತಿದ್ದನಂತೆ. ಬಹಳ ಜನ ಸತ್ತ ಮೇಲೆ ನಿಮ್ಮ ಮೊಮ್ಮಕ್ಕಳು ರಸ್ತೆಯುದ್ದಕ್ಕೂ ತಡೆಮನೆಗಳನ್ನು ಕಟ್ಟಿಸಿದರು. ಚಳಿಗಾಲದಲ್ಲಿ ಪ್ರತಿ ಗಾಡಿಯೂ ಇಲ್ಲಿ ನಿಲ್ಲಬೇಕು. ನಮ್ಮ ಅಂಗಳದಿಂದ ರಸ್ತೆಬದಿಯ ಸುಣ್ಣ ಬಳಿದ ಮೂರು ಕಂಬಗಳು ಕಾಣಬೇಕು. ಮೂರನೆಯದು ಕಾಣದಿದ್ದರೆ ತಡೆಮನೆ ನೋಡಿಕೊಳ್ಳುವವರು, ಇಲ್ಲಿ ನಾನು, "ಬೇಡ" ಅನ್ನಬೇಕು. ಆ ಮಾತನ್ನು ಯಾರೂ ಮೀರುವುದಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸುಮ್ಮಸುಮ್ಮನೆ ಯಾರೂ ತಡೆಯಬಾರದೆಂದು ಇನ್ನೊಂದು ನಿಯಮ ಸೇರಿಸಿದರು: ಬೇಡ ಎಂದವರೇ ಮಂಜು ಬಿಡುವವರೆಗೆ ಗಾಡಿಯವರಿಗೆಲ್ಲ ತಮ್ಮದೇ ಖರ್ಚಿನಲ್ಲಿ ಊಟ, ಹಾಸಿಗೆ ಕೊಡಬೇಕು.

ಹೋದ ವರ್ಷ ಒಂದು ಬೆಳಿಗ್ಗೆ ನನ್ನ ತಮ್ಮ ಮಾಳಪ್ಪ ಹನ್ನೊಂದು ಜನರನ್ನು ಕೂರಿಸಿಕೊಂಡು ಬಂದ. ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೊರಟವರು. ಅದಕ್ಕೂ ಮುಂಚಿನ ಗಾಡಿಯವರು ಆರು ದಿನ ಉಂಡು ಹಿಂದಿನ ದಿನವಷ್ಟೇ ಹೋಗಿದ್ದರು.

"ಅಕ್ಕಾ, ನೀ ಬ್ಯಾಡ ಅಂದ್ರ ಇಲ್ಲೇ ಟಿಕಾಣಿ ನೋಡು. ಇಷ್ಟು ಮಂದಿಗಿ ರೊಟ್ಟಿ ಬಡಿಯಾಕ ರಟ್ಟ್ಯಾಗ ಕಸುವು ಐತೇನು?" ಎಂದು ನಕ್ಕ.

"ಮುಂಜಾನಿಂದ ಬರೇ ಚಾದ ಮ್ಯಾಲ ಅದೀವಿ, ಲಗೂನ ಹೇಳವಾ," ಎಂದಳು ಗಾಡಿಯೊಳಗಿದ್ದ ಒಬ್ಬ ಮುದುಕಿ.

ನಾನು ಕಂಬ ನೋಡಲು ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದೆ. ತಳ ಕಾಣುತ್ತಿತ್ತು. ತಮ್ಮನ ಎದುರಿಗೆ, ಅಷ್ಟು ಜನರ ಎದುರಿಗೆ, ಹಿಟ್ಟಿಲ್ಲ ಅನ್ನಲು ನಾಚಿಕೆಯಾಯಿತು. ಹೊರಗೆ ಬಂದಾಗ ಎರಡನೆಯ ಕಂಬವೂ ಕಾಣಲಿಲ್ಲ. "ಮೂರೂ ಕಾಣತಾವ, ಹೋಗ್ರಿ," ಅಂದೆ.

ಮಾಳಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಹೇಳಿದ ಮೇಲೆ ಯಾಕೆ ನೋಡುತ್ತಾನೆ? ಹಳ್ಳದ ಸೇತುವೆಯ ಮೇಲೆ ಕಬ್ಬಿನ ಗಾಡಿಯೊಂದು ಕೆಟ್ಟು ನಿಂತಿತ್ತು. ಮಂಜಿನಲ್ಲಿ ಅದು ಕಾಣದೆ ಮಾಳಪ್ಪನ ಗಾಡಿ ಹೋಗಿ ಬಡಿಯಿತು. ಹನ್ನೆರಡು ಜನರಲ್ಲಿ ಮೂವರು ಉಳಿದರು. ನನ್ನ ತಮ್ಮ ಉಳಿಯಲಿಲ್ಲ.

ಮಂಜು ಒಮ್ಮೆಲೇ ದಟ್ಟವಾಯಿತು ಎಂದು ವಿಚಾರಣೆಯವರು ಬರೆದುಕೊಂಡು ಹೋದರು. ನಾನೂ ಅದಕ್ಕೆ ಸಹಿ ಹಾಕಿದೆ. ತಮ್ಮನ ಮಣ್ಣಿಗೆ ಬಂದ ಬೇರೆ ತಡೆಮನೆಗಳ ಹೆಂಗಸರು ನನ್ನನ್ನು ಬೈಯಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ಡಬ್ಬಿ ಬರಿದಾದ ದಿನ ಅವರಿಗೂ ಮೂರು ಕಂಬಗಳು ಕಂಡಿವೆ.

ಈ ನಿಯಮ ಬರೆಯುವವರು ನಿಮ್ಮ ಮನೆಗಳಲ್ಲೇ ಹುಟ್ಟುತ್ತಾರೆ. ಬೇಡ ಎನ್ನುವವರ ತಲೆಯ ಮೇಲೆ ಯಾವ ಭಾರವನ್ನೂ ಹೊರಿಸಬೇಡಿರೆಂದು ಅವರಿಗೆ ಕಲಿಸಿ. ನನ್ನ ಅಂಗಳದಲ್ಲಿ ಇವತ್ತೂ ಎರಡು ಗಾಡಿಗಳು ನಿಂತಿವೆ. ಇಳಿದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದಾರೆ. ರಸ್ತೆಯನ್ನು ಯಾರೂ ನೋಡುತ್ತಿಲ್ಲ.

ತಂಗೆವ್ವ